ಹಸಿ ಮಟ್ಟೆಯ ಬಂದೂಕು

ನನ್ನ ಜೋಡಿ ಶಂಕ್ರಾ,

ಗೆದ್ದೆವು ಕಣ್ಲಾ! ಬೆಳಗ್ಗೆಯಿಂದ ಯಾರಿಗೆ ಹೇಳಲಿ ಎಂದು ಚಡಪಡಿಸುತ್ತಿದ್ದೇನೆ. ಮಿಲಿಟರಿ ರಿಪೋರ್ಟಿನ ಗತ್ತಿನಲ್ಲಿ ಬರೆಯೋಣವೆಂದರೆ, ಐ ಹ್ಯಾವ್ ದಿ ಆನರ್ ಟು... ಮುಂದಿನದು ಮರೆತೆ, ಬುಡು.

ತಿಪಟೂರಿನ ಟಾಕೀಸಿನಲ್ಲಿ ಆ ಕಪ್ಪು-ಬಿಳುಪು ಮಿಲಿಟರಿ ಪಿಚ್ಚರ್ ನೋಡಿದ್ದು ನೆನಪಿದೆಯಾ, ಕಾಲೇಜಿಗೆ ಚಕ್ಕರ್ ಹೊಡೆದು? ಸಿಪಾಯಿಗಳಲ್ಲಿ ಒಬ್ಬ ದಪ್ಪ, ಒಬ್ಬ ಸಣಕಲ. ಇಡೀ ದಂಡು ಬಲಕ್ಕೆ ತಿರುಗಿದರೆ ಇವರಿಬ್ಬರು ಎಡಕ್ಕೆ! ನಿನ್ನ ಕಿವಿಯಲ್ಲಿ ನಾನು ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಿದ್ದೆ, ಅರ್ಧ ನನ್ನ ಸ್ವಂತದ್ದೇ. ನೀನು ನಕ್ಕ ರಭಸಕ್ಕೆ ಬೆಂಚು ಮುರಿಯಿತಲ್ಲ! ಹೊರಗೆ ಬಂದವನೇ ನೀನು, "ಲೇ, ಇವ್ರು ನಾವೇ ಕಣ್ಲಾ" ಅಂದೆ.

ಆ ವರ್ಷದ ಗಣಪತಿ ಹಬ್ಬಕ್ಕೇ ನಮ್ಮೂರು ಬಿಳಿಗೆರೆಯಲ್ಲಿ ನಮ್ಮಿಬ್ಬರ ಕವಾಯತು ಶುರು. ಗರಿ ಸವರಿದ ತೆಂಗಿನ ಮಟ್ಟೆಯೇ ಬಂದೂಕು. ಒಣಗಿದ್ದು ತಾ ಎಂದರೆ ನೀನು ಪ್ರತಿ ಸಲವೂ ಹಸೀದನ್ನೇ ಹೊತ್ತು ತಂದು, ಅದರ ಭಾರಕ್ಕೆ ವಾಲುತ್ತಿದ್ದೆ. ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ನನ್ನ ಹೆಂಡತಿ ಕಮಲ. ಅವಳು ತೀರಿಕೊಂಡಳು. ಈ ಯುಗಾದಿ ಕಳೆದ ಮೇಲೆ ನೀನೂ... ಸಣಕಲನೊಬ್ಬನೇ ನಿಂತರೆ ಅದೇನು ಜೋಡಿ? ಈ ಸಲ ಆಟ ಬೇಡ ಎಂದುಬಿಟ್ಟಿದ್ದೆ.

ಮೊನ್ನೆ ನಿನ್ನ ಮಗಳು ಗಿರಿಜಾ ಗಂಡನ ಊರು ಹಾಲ್ಕುರಿಕೆಯಿಂದ ಬಂದಳು. ಹೆಗಲ ಮೇಲೆ ಮಟ್ಟೆ!

"ಚಿಕ್ಕಪ್ಪ, ಅಪ್ಪನ ಖಾಕಿ ಪ್ಯಾಂಟು ನಂಗೆ ಸರಿಯಾಗುತ್ತೆ. ಏಳಿ, ಬೆಲ್ಟು ಕಟ್ಕೊಳ್ಳಿ."

"ಜನ ಏನಂದಾರು ಕಣವ್ವ?"

"ನಕ್ರೆ ಸಾಕು. ನಗದಿದ್ರೆ ತಾನೇ ಮಾನ ಹೋಗೋದು!"

"ಒಣಗಿದ್ದು ತರಬಾರ್ದಿತ್ತಾ?"

"ಅಪ್ಪ ಯಾವತ್ತಾದ್ರೂ ತಂದಿದ್ರಾ?"

ನಿನ್ನೆ ಸಂಜೆ ಗಣಪತಿಯ ಮುಂದೆ ನಿಂತೆವು. ನಾನು ಬಲಕ್ಕೆ ಎಂದರೆ ಅವಳು ಎಡಕ್ಕೆ ತಿರುಗಿದಳು, ಥೇಟ್ ನಿನ್ನಂತೆಯೇ ವಾಲಿದಳು. ಮಕ್ಕಳು ನಕ್ಕರು, ಆಮೇಲೆ ಹೆಂಗಸರು. ಆ ಖುಷಿಯಲ್ಲಿ, ಹಾಜರಿ ಕೂಗುವ ಹೊತ್ತಿಗೆ, ಹಳೆಯ ರೂಢಿ ನೋಡು, ನನ್ನ ಬಾಯಿಂದ ಬಂದದ್ದು "ಸೋಲ್ಜರ್ ಶಂಕ್ರಾ!"

ಇಡೀ ಪೆಂಡಾಲು ತೆಪ್ಪಗಾಯಿತು. ನಾನು ಬೆಲ್ಟು ಬಿಚ್ಚಲು ಕೈಹಾಕಿದೆ.

"ಯೆಸ್ ಸಾರ್!"

ಗಿರಿಜಾ ಎಡಗೈಯಲ್ಲಿ ಸೆಲ್ಯೂಟ್ ಹೊಡೆದು ನಿಂತಿದ್ದಳು.

"ಬಲಗೈಲಿ ಹೊಡಿಯವ್ವಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಬಲಗೈಯನ್ನೂ ಎತ್ತಿದಳು. ಮಟ್ಟೆ ಸೀದಾ ನನ್ನ ಕಾಲ ಮೇಲೆ! ಜನ ಬಿದ್ದು ಬಿದ್ದು ನಕ್ಕರು ಕಣ್ಲಾ, ನೀನಿದ್ದಾಗ ನಗುತ್ತಿದ್ದಂತೆಯೇ.

ಹೆಬ್ಬೆರಳು ಬದನೆಕಾಯಿಯಂತೆ ಊದಿದೆ. ಕಾಲು ಚಾಚಿ ಕೂತೇ ಬರೆಯುತ್ತಿದ್ದೇನೆ. ಅಲ್ಲಿ ಕಮಲಳಿಗೂ ಓದಿ ಹೇಳು. ಮುಂದಿನ ಹಬ್ಬಕ್ಕೂ ಹಾಜರಿಯಲ್ಲಿ ನಿನ್ನ ಹೆಸರನ್ನೇ ಕೂಗುತ್ತೇನೆ. ಉತ್ತರ ಕೊಡುವವಳು ಇದ್ದಾಳೆ.

ನಿನ್ನ ಸಣಕಲ