ಇವಾಲುವನ್ನು ಮಗುಚಿದ ದಿನ

ಅಪ್ಪಾ,

ನೀನು ಮಣ್ಣಾಗಿ ಮೂರು ವರ್ಷವಾಯಿತು. ಇದನ್ನು ನೀನು ಓದುವುದಿಲ್ಲ ಎಂಬ ಧೈರ್ಯದಲ್ಲೇ ಬರೆಯುತ್ತಿದ್ದೇನೆ. ಇವತ್ತು ನನ್ನ ಒಂಬತ್ತು ವರ್ಷದ ಮಗಳು ಇವಾಲುವನ್ನು ಮೊದಲ ಸಲ ಕಯಾಕ್ ದೋಣಿಯಲ್ಲಿ ಕೂರಿಸಿದೆ. ನಮ್ಮೂರು ಮನಿಟ್ಸೋಕ್‌ನ ಕೊಲ್ಲಿಯಲ್ಲಿ ಇನ್ನೂ ಮಂಜುಗಡ್ಡೆಯ ಚೂರುಗಳು ತೇಲುತ್ತಿದ್ದವು. ನಾನು ಪಕ್ಕದಲ್ಲೇ ಎದೆಮಟ್ಟದ ನೀರಿನಲ್ಲಿ ನಿಂತಿದ್ದೆ.

"ಸೊಂಟ ಸಡಿಲ ಬಿಡೇ. ನೀರು ನೋಡ್ಬೇಡ, ದೂರ ನೋಡು. ಹುಟ್ಟು ಮೇಲೆತ್ತಬೇಡ."

ಅವಳು ಕೊರಡಿನಂತೆ ಬಿಗಿದು ಕೂತು ನನ್ನ ತೋಳು ಹಿಡಿದುಕೊಂಡಳು. "ಬಿಡ್ಬೇಡಮ್ಮಾ."

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ದೋಣಿಯನ್ನು ಮಗುಚಿದೆ. ನೀನು ಮಾಡುತ್ತಿದ್ದಂತೆಯೇ ಹತ್ತರವರೆಗೆ ಎಣಿಸಿ, ಆಮೇಲೆ ಎತ್ತಿದೆ. ಅವಳ ತುಟಿ ನೀಲಿಗಟ್ಟಿತ್ತು. "ಸೀಲ್ ಮರಿಗಾದ್ರೂ ನಿನಗಿಂತ ಬುದ್ಧಿ ಇರುತ್ತೆ" ಎಂದೆ. ಮಾತು ನಿನ್ನದು, ದನಿಯೂ ನಿನ್ನದೇ. ದಡದಲ್ಲಿದ್ದವರು ನಕ್ಕರು.

ಇವಾಲು ಅಳಲಿಲ್ಲ. ದಡ ಹತ್ತಿದ ಮೇಲೆ ಹಲ್ಲು ಕಟಕಟಿಸುತ್ತಾ ಕೇಳಿದಳು: "ಅಜ್ಜ ನಿಂಗೂ ಹೀಗೇ ಮಾಡ್ತಿದ್ರಾ?"

"ಹೂಂ. ಅದಕ್ಕೇ ನಾನು ಇವತ್ತಿಗೂ ಮುಳುಗಿಲ್ಲ."

"ಅವರು ಸತ್ತಾಗ ನಿಂಗೆ ಅಳು ಬಂತಾ?"

ನಾನು ಕಂಬಳಿ ಹೊದಿಸಲು ಹೋದೆ. ಅವಳು ಅದನ್ನು ನನ್ನ ಕೈಯಿಂದ ಇಸಿದುಕೊಂಡು, ತಾನೇ ಹೊದ್ದು, ಮನೆಯ ಕಡೆ ನಡೆದಳು.