ಬಾಡಿಗೆ ಮೋಟಾರಿನ ತಗ್ಗು

ರತ್ನಾ,

ಬರೆದಿಡಬೇಕೋ, ನೀನು ಮಠದಿಂದ ಬರುವತನಕ ಕಾದು ಬಾಯಿಂದಲೇ ಹೇಳಬೇಕೋ ತಿಳಿಯದೆ ಎರಡು ಸಲ ಚಪ್ಪಲಿ ಮೆಟ್ಟಿ ಬಿಚ್ಚಿದೆ. ಹತ್ತರ ರೈಲಿಗೆ ಹುಬ್ಬಳ್ಳಿಗೆ ಹೊರಟಿದ್ದೇನೆ, ಬಾಡಿಗೆ ಮೋಟಾರಿನ ಮಾಲೀಕನ ಹತ್ತಿರ.

ವಿಮೆ ಇದ್ದರೂ ನಮ್ಮನ್ನೇಕೆ ದುಡ್ಡು ಕೇಳುತ್ತಾನೆ ಎಂದಿದ್ದೆ. ಕರಾರು ಓದಿದೆ. ಪೆಟ್ಟಾದರೆ ಮೊದಲ ಇಪ್ಪತ್ತೈದು ರೂಪಾಯಿ ಬಾಡಿಗೆಗೆ ಒಯ್ದವರದು, ಅದಕ್ಕೆ ಮೇಲ್ಪಟ್ಟದ್ದಷ್ಟೇ ವಿಮೆ ಕಂಪನಿಯದು. ತಗ್ಗು ಬಿದ್ದ ಮಡ್‌ಗಾರ್ಡಿನ ದುರಸ್ತಿಗೆ ಇಪ್ಪತ್ತು ಹೇಳಿದ್ದಾನೆ. ಕಂಪನಿ ಒಂದು ಪೈಯನ್ನೂ ಕೊಡುವುದಿಲ್ಲ.

ನಿನ್ನ ಸೋದರಮಾವನ ಮಗ ನೀಲಕಂಠ ಬಂದರೆ ಚಹಾ ಕೊಡು. ಮೋಟಾರು ನಡೆಸಿದವನು ತಾನೆಂದು ಆ ಇಪ್ಪತ್ತು ರೂಪಾಯಿಗಾಗಿ ಉಂಗುರ ಮಾರಲು ಹೊರಟಿದ್ದಾನೆ. ಮಾರಗೊಡಬೇಡ.

ನಿನ್ನ ತಂಗಿಯ ನಿಶ್ಚಯಕ್ಕೆ ಉಪ್ಪಿನಬೆಟಗೇರಿಗೆ ಹೋಗುವಾಗ ಅವನು, "ರತ್ನಿ, ನನ್ನ ಮದವಿ ಆಗಿದ್ರ ದಿನಾ ಮೋಟಾರಿನ್ಯಾಗ ಅಡ್ಡಾಡತಿದ್ದಿ!" ಎಂದ. "ಹೋಗೋ, ಬಾಡಿಗಿ ಸರದಾರ!" ಎಂದು ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಾನು ಹಿಂದೆ ಹಣ್ಣಿನ ಬುಟ್ಟಿ ಹಿಡಿದು ಕೂತಿದ್ದೆ. ನನ್ನ ಮಾತಿಗೆ ನೀನು ಹಾಗೆ ನಕ್ಕದ್ದು ನೆನಪಿಲ್ಲ.

ಮಧ್ಯಾಹ್ನ ಊಟಕ್ಕೆ ಕಾಯಬೇಡ. ರೊಟ್ಟಿ ಮುಚ್ಚಿಡು.

ಅಂದು ಹೊರಡುವ ಮುಂಚೆ ಮೋಟಾರಿಗೆ ಚೆಂಡುಹೂವಿನ ಮಾಲೆ ಕಟ್ಟಿದವನು ನಾನು. ಆಗಲೇ ಮಡ್‌ಗಾರ್ಡಿನ ತಗ್ಗು ಬೆರಳಿಗೆ ಹತ್ತಿತ್ತು. ಮಾಲೆ ಅದರ ಮೇಲೆ ಬಿತ್ತು, ಮತ್ತಾರೂ ಕಾಣಲಿಲ್ಲ. ಅದನ್ನೇ ಇವತ್ತು ಮಾಲೀಕನಿಗೆ ಹೇಳಿ ಬರುತ್ತೇನೆ.

ಮರಳಿದ ಸಂಜೆ ತಗ್ಗು ಕಂಡು ಮಾಲೀಕ ನೀಲಕಂಠನನ್ನು ಎಲ್ಲರೆದುರು ಬೈದ. ನೀನು ನನ್ನ ಮುಖ ನೋಡಿದೆ. ತಗ್ಗು ಮೊದಲೇ ಇತ್ತೆಂದು ನಾನು ಹೇಳಲಿಲ್ಲ.