ಮಾತಿಗೆ ಮೊದಲು ಚಹಾ

ಲಂಡನ್, ಮಂಗಳವಾರ

ಒರೆಲಿ ಅಕ್ಕಾ,

ನಮ್ಮ ಚಾಗೋಸ್ ದ್ವೀಪ ಯಾರಿಗೆ ಸೇರಬೇಕು ಅಂತ ಎರಡು ಸರ್ಕಾರದವರು ಮಾತಾಡೋ ಕೋಣೆಗೆ ಇವತ್ತು ನನ್ನ ಬಿಟ್ಟರು. ದ್ವೀಪದಿಂದ ಎಬ್ಬಿಸಿ ಕಳಿಸಿದ ನಮ್ಮೆಲ್ಲರ ಪರವಾಗಿ ಮಾತಾಡೋಕೆ ಐದೇ ನಿಮಿಷ ಕೊಟ್ಟಿದ್ದರು. ಮೇಜಿನ ಮೇಲೆ ಚಹಾ ಆರ್ತಾ ಇತ್ತು, ಯಾರೂ ಬಗ್ಗಿಸಿರಲಿಲ್ಲ. ಒಣಗಂಟಲಲ್ಲಿ ಕೂತವರ ಹತ್ತಿರ ಏನೂ ಕೇಳಬಾರದು ಅಂತ ಅಮ್ಮ ಅಂತಿದ್ದಳಲ್ಲ, ಈ ಹಾಳು ಕೈ ಸುಮ್ಮನಿರಲಿಲ್ಲ. ಹದಿನಾಲ್ಕು ಜನಕ್ಕೂ ಬಗ್ಗಿಸಿಕೊಟ್ಟೆ. ಆಮೇಲೆ ಬಾಯಿ ತೆರೆಯೋಷ್ಟರಲ್ಲಿ ದೊಡ್ಡ ಸಾಹೇಬರು, "ಥ್ಯಾಂಕ್ಸಮ್ಮ, ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ," ಅಂದರು.

ಹಾಕ್ಕೊಂಡು ಬಂದುಬಿಟ್ಟೆ ಅಕ್ಕಾ.

ಚಳಿಗೆ ಮಂಡಿ ಹಿಡ್ಕೊಂಡಿದೆ, ಎಣ್ಣೆ ತೆಗೆದಿಡು. ನನ್ನ ಕಳಿಸಿದ ನಮ್ಮ ದ್ವೀಪದವರ ಸಂಘದವರು ಕೇಳಿದರೆ, ಮಿಮೋಸ್ ಅಲ್ಲಿರೋ ಅಮ್ಮನ ಗೋರಿಗೆ ಹೋಗೋಕೆ ಬಿಡಿ ಅಂತ ಗಟ್ಟಿಯಾಗಿ ಕೇಳಿದಳು ಅಂತಲೇ ಹೇಳು.

ನಿನ್ನ ಮಿಮೋಸ್